ನಾನೇ ತಂದ ಎಂಜಿನ್ ಆಯಿಲ್

ನಮ್ಮ ಯಜಮಾನರು ಮೆಕ್ಯಾನಿಕ್ ಹಾಕುವ ಎಂಜಿನ್ ಆಯಿಲನ್ನು ನಂಬುವುದಿಲ್ಲ. ಆತನ ಕೈಕೆಲಸವನ್ನು ನಂಬುತ್ತಾರೆ, ಆಯಿಲನ್ನು ಮಾತ್ರ ಇಲ್ಲ. ಅವರ ಹದಿನಾಲ್ಕು ವರ್ಷದ ಸಣ್ಣ ಬೈಕಿಗೆ ಆಯಿಲ್ ಬದಲಾಯಿಸುವ ದಿನ ಬಂತೆಂದರೆ ಡಬ್ಬಿಯನ್ನು ಜಯನಗರದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ತಾವೇ ತರುತ್ತಾರೆ. ಸೀಲ್ ಕಣ್ಣೆದುರಿಗೇ ಒಡೆಯಬೇಕು. ಕೊನೆಯ ಹನಿ ಒಳಗೆ ಹೋಗುವ ತನಕ ಅಲ್ಲಿಂದ ಕದಲುವುದಿಲ್ಲ. ಖಾಲಿ ಡಬ್ಬಿಯನ್ನು ಮನೆಗೆ ತಂದು, ಕತ್ತರಿಸಿ, ಆಮೇಲೆ ಕಸಕ್ಕೆ ಹಾಕುತ್ತಾರೆ. ಇಲ್ಲದಿದ್ದರೆ ಅದಕ್ಕೆ ನಕಲಿ ಆಯಿಲ್ ತುಂಬಿ ಇನ್ನೊಬ್ಬರ ತಲೆಗೆ ಕಟ್ಟುತ್ತಾರಂತೆ. ಇದು ನಮ್ಮ ಮನೆಯೊಂದರ ಪದ್ಧತಿಯಲ್ಲ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಅರ್ಧಕ್ಕರ್ಧ ಗಂಡಸರು ಭಾನುವಾರ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಮೆಕ್ಯಾನಿಕ್ ಮುಂದೆ ಕೂರುವವರೇ.

ಆ ಮೆಕ್ಯಾನಿಕ್ ಇರುವುದು ನಮ್ಮ ಕಾಂಪೌಂಡಿನ ಮೂಲೆಯಲ್ಲಿ, ಹೊಂಗೆಮರದ ಕೆಳಗೆ. ಜಾಗ ಅಪಾರ್ಟ್‌ಮೆಂಟಿನದು. ಹನ್ನೊಂದು ವರ್ಷದ ಹಿಂದೆ ಅಸೋಸಿಯೇಷನ್‌ನವರೇ ಕೂರಿಸಿದ್ದು. ಗಾಳಿ ತುಂಬುವ ಮೆಷೀನಿಗೆ ಕರೆಂಟೂ ನಮ್ಮದೇ. ಆತನಿಗೆ ಐವತ್ತರ ಆಸುಪಾಸು. ಕನ್ನಡಕದ ಒಂದು ಕಾಲಿಗೆ ತಾಮ್ರದ ತಂತಿ ಸುತ್ತಿಕೊಂಡಿರುತ್ತಾನೆ. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ದೋಸೆಕಾವಲಿಯ ಮೇಲೆ ಸುತ್ತಲೂ ಜೋಡಿಸಿಟ್ಟುಕೊಳ್ಳುವುದನ್ನು ನಾನು ಬಾಲ್ಕನಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಕಳೆದ ವರ್ಷ ಯಜಮಾನರಿಗೆ ಸೊಂಟ ಹಿಡಿದುಕೊಂಡಿತು. ಡಾಕ್ಟರು ಹತ್ತು ದಿನ ಮಲಗಿರಿ ಎಂದರು. ಬೈಕಿನ ಆಯಿಲ್ ಬದಲಾಯಿಸುವ ದಿನ ಆಗಲೇ ದಾಟಿತ್ತು. ಮಲಗಿದಲ್ಲಿಂದಲೇ ಒಂದು ಚೀಟಿಯಲ್ಲಿ ಆಯಿಲಿನ ನಂಬರು ‘10W-30’ ಎಂದು ಬರೆದು, ಕೆಳಗೆ ‘ಸೀಲ್ ನೋಡು, ತಾರೀಖು ನೋಡು’ ಎಂದು ಸೇರಿಸಿ ನನ್ನ ಕೈಗೆ ಕೊಟ್ಟರು.

“ನೀನೇ ಹೋಗಿ ತಗೊಂಡು ಬಾ. ಹಾಕೋ ಹೊತ್ತಿಗೆ ಅಲ್ಲೇ ನಿಂತಿರು. ‘ಇದು ಸರಿಯಿಲ್ಲ, ನನ್ನ ಹತ್ರ ಒಳ್ಳೇದಿದೆ’ ಅಂತಾನೆ ನೋಡು, ಎಲ್ಲ ಮೆಕ್ಯಾನಿಕ್‌ಗಳೂ ಅನ್ನೋದು ಅದನ್ನೇ. ಒಪ್ಪಬೇಡ.”

“ಆಯ್ತು ರೀ.”

ಅಂಗಡಿಗೆ ನನ್ನ ಸ್ಕೂಟರಿನಲ್ಲಿ ಹೋದೆ. ಕೌಂಟರಿನವನು ನನ್ನ ಹೆಲ್ಮೆಟ್ಟನ್ನೂ ಹೊರಗೆ ನಿಂತ ಸ್ಕೂಟರನ್ನೂ ನೋಡಿ, ಚೀಟಿ ಓದಿ, ಹಿಂದಿನ ಶೆಲ್ಫಿನಿಂದ ಒಂದು ಡಬ್ಬಿ ತೆಗೆದಿಟ್ಟ. ಯಾವ ಬೈಕಿಗೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದಂತೆ ಎರಡೆರಡು ಸಲ ಓದಿದೆ. ನಂಬರು ಸರಿಯಿತ್ತು. ಸೀಲ್ ಸರಿಯಿತ್ತು. ತಾರೀಖೂ ಸರಿಯಿತ್ತು. ಸಂತೋಷದಿಂದಲೇ ಬಂದೆ.

ಮೆಕ್ಯಾನಿಕ್ ನಮ್ಮ ಗೇಟಿನಿಂದ ಬೈಕನ್ನು ತಳ್ಳಿಕೊಂಡು ಹೋಗಿ, ಹಳೆಯ ಆಯಿಲನ್ನು ಬಾಂಡಲಿಗೆ ಇಳಿಸಿದ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಮೇಲಕ್ಕೇರಿಸಿ ನೋಡಿದ.

“ಮೇಡಂ, ಇದು ಸ್ಕೂಟರ್‌ದು. ಬೈಕಿಗೆ ಬೇರೆ ಬರುತ್ತೆ.”

“ಅದೇ ನಂಬರ್ ಇದೆಯಲ್ಲ?”

“ನಂಬರ್ ಅದೇ ಮೇಡಂ. ಆಯಿಲ್ ಬೇರೆ. ನನ್ನ ಹತ್ರ ಬೈಕಿಂದು ಇದೆ, ಹಾಕ್ಲಾ?”

ಯಜಮಾನರು ಹೇಳಿದ ಮಾತೇ ಆತನ ಬಾಯಿಂದ ಬಂತು. ಒಳ್ಳೆಯವನೆಂದುಕೊಂಡಿದ್ದ ಮನುಷ್ಯ ಎದುರಿಗೇ ಮೋಸಕ್ಕೆ ಇಳಿದನಲ್ಲ ಎನ್ನಿಸಿತು. ಆದರೂ ದನಿ ಏರಿಸಲಿಲ್ಲ. “ಪರವಾಗಿಲ್ಲ, ಇದನ್ನೇ ಹಾಕಿ. ನಮ್ಮನೆಯವರು ಹೀಗೇ ಹೇಳಿದ್ದಾರೆ” ಎಂದೆ, ನಗುತ್ತಲೇ. ಆತ ಡಬ್ಬಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಸೀಲ್ ಒಡೆದ. ಕೊನೆಯ ಹನಿಯವರೆಗೂ ನಿಂತಿದ್ದು, ಖಾಲಿ ಡಬ್ಬಿಯೊಂದಿಗೆ ಮೇಲೆ ಬಂದೆ. ಯಜಮಾನರು ಮಲಗಿದ್ದರು, ಆ ಮಾತುಕತೆಯನ್ನು ಅವರಿಗೆ ಹೇಳುವ ಅಗತ್ಯವೇ ಕಾಣಲಿಲ್ಲ. ಡಬ್ಬಿಯನ್ನು ಕತ್ತರಿಸುವುದೂ ಮರೆತು, ವಾಷಿಂಗ್ ಮೆಷೀನಿನ ಮೇಲಿನ ಹಲಗೆಯಲ್ಲಿಟ್ಟೆ.

ಸೊಂಟ ಸರಿಹೋಗಿ ಅವರು ಬಿಳೇಕಹಳ್ಳಿಯ ಆಫೀಸಿಗೆ ಬೈಕಿನಲ್ಲಿ ಹೋಗತೊಡಗಿ ಒಂದು ವಾರವಾಗಿರಬಹುದು. ಒಂದು ಗುರುವಾರ ಸಂಜೆ ಬಾಗಿಲು ತೆಗೆದರೆ, ಮುಖದಲ್ಲಿ ರಕ್ತವೇ ಇಲ್ಲದವರಂತೆ ನಿಂತಿದ್ದರು. ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದರು.

“ಏರಿನಲ್ಲಿ ಗಾಡಿ ಎಳೀಲೇ ಇಲ್ಲ. ಆಕ್ಸಿಲರೇಟರ್ ಕೊಟ್ಟರೆ ಬರೀ ಶಬ್ದ. ಹಿಂದೆ ಬಸ್ಸು. ಅವನು ಬ್ರೇಕ್ ಹಾಕಿದ ಸದ್ದು ನನ್ನ ಕಿವೀಲೇ ಬಿದ್ದ ಹಾಗಾಯ್ತು.”

ನೀರು ಕೊಟ್ಟೆ. ನಿಂತಲ್ಲೇ ಒಂದೇ ಗುಟುಕಿಗೆ ಕುಡಿದರು.

“ಕ್ಲಚ್ ಜಾರ್ತಾ ಇದೆ. ಮೊನ್ನೆವರೆಗೆ ಸರಿ ಇತ್ತು. ನೀನು ಕೊಟ್ಟ ಆಯಿಲ್ ಎತ್ತಿಟ್ಟು ಬೇರೇದು ಹಾಕಿದ್ದಾನೆ ಅವನು. ನೀನು ಅಲ್ಲೇ ನಿಂತಿದ್ದೆ ತಾನೇ?”

“ನಿಂತಿದ್ದೆ.”

“ಹಾಗಾದ್ರೆ ಕೈಚಳಕ. ನಿನ್ನ ಕಣ್ಣು ಒಂದು ಕ್ಷಣ ಆಚೆ ಹೋಗಿರುತ್ತೆ.”

ಕಾಫಿಗೆ ಹಾಲಿಟ್ಟು, ಆ ಡಬ್ಬಿಯನ್ನು ಕೆಳಗಿಳಿಸಿದೆ. ಹಿಂಬದಿಯ ಸಣ್ಣ ಅಕ್ಷರಗಳ ಸಾಲಿನಲ್ಲಿ ‘MB’ ಎಂದಿತ್ತು. ಅದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ದೊಡ್ಡದಾಗಿ ಒಂದು ಸ್ಕೂಟರಿನ ಚಿತ್ರ. ಫೋನಿನಲ್ಲಿ ಹುಡುಕಿದೆ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವಂತೆ. ಅದಕ್ಕೆ ಪ್ಲೇಟು ಹಿಡಿತ ಬಿಡದಂಥ ‘MA’ ಆಯಿಲ್ ಬೇಕಂತೆ. ಸ್ಕೂಟರಿನ ಕ್ಲಚ್ ಆಯಿಲಿನ ಹೊರಗೆ ಒಣಗಿರುವುದರಿಂದ ಅದರ ಆಯಿಲ್ ಹೆಚ್ಚು ಜಾರಾಗಿದ್ದರೂ ನಡೆಯುತ್ತದೆ. ಅದನ್ನು ಬೈಕಿಗೆ ಹಾಕಿದರೆ ಏರಿನಲ್ಲಿ ಪ್ಲೇಟು ಜಾರುತ್ತದೆ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

ಕಾಫಿ ಕುಡಿದ ಮೇಲೆ ಹೇಳೋಣ, ಅವರು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಧೈರ್ಯ ಸಾಲದಿದ್ದದ್ದು ನನಗೆ. ನಾನು ಲೋಟ ತರುವಷ್ಟರಲ್ಲಿ ಅವರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬರೆದಾಗಿತ್ತು. ಮೂಲೆಯ ಮೆಕ್ಯಾನಿಕ್ ನಕಲಿ ಆಯಿಲ್ ಹಾಕಿದ್ದಾನೆ, ಇವತ್ತು ಪ್ರಾಣ ಹೋಗುವುದರಲ್ಲಿತ್ತು, ಭಾನುವಾರದ ಸಭೆಯಲ್ಲಿ ಅವನ ಜಾಗ ಖಾಲಿ ಮಾಡಿಸುವ ತೀರ್ಮಾನ ಆಗಲಿ ಎಂದು. ಆಗಲೇ ಏಳೆಂಟು ಹೆಬ್ಬೆರಳುಗಳು ಬಂದಿದ್ದವು. ನಾನು ಲೋಟ ಇಟ್ಟು ಒಳಗೆ ಹೋದೆ. ಆ ರಾತ್ರಿ ಹೇಳಲಿಲ್ಲ.

ಬೆಳಿಗ್ಗೆ ಅವರೇ ಕರೆದರು. “ಬಾ, ನೀನೇ ಸಾಕ್ಷಿ. ಸೀಲ್ ಇರೋ ಡಬ್ಬಿ ಕೊಟ್ಟೆ ಅಂತ ಅವನ ಮುಖದ ಮೇಲೆ ಹೇಳು.”

ಮೆಕ್ಯಾನಿಕ್ ಯಾವುದೋ ಗಾಡಿಯ ಚೈನಿಗೆ ಗ್ರೀಸ್ ಹಚ್ಚುತ್ತಿದ್ದ. ನಮ್ಮಿಬ್ಬರನ್ನು ಒಟ್ಟಿಗೆ ನೋಡಿದ್ದೇ ಎದ್ದು ನಿಂತ. ಗ್ರೂಪಿನ ಸುದ್ದಿ ಪಕ್ಕದಲ್ಲೇ ನಿಂತಿದ್ದ ವಾಚ್‌ಮನ್ ಮೂಲಕ ತಲುಪಿತ್ತೆಂದು ಮುಖವೇ ಹೇಳುತ್ತಿತ್ತು.

“ಏನಪ್ಪಾ, ನಾನು ಮಲಗಿದ್ದೆ ಅಂತ ಅಲ್ವಾ? ನಮ್ಮನೆಯವರು ಒಳ್ಳೆ ಆಯಿಲ್ ತಂದು ಕೈಯಲ್ಲಿ ಕೊಟ್ರೂ ನೀನು ಏನು ಹಾಕ್ದೆ?”

“ಅವರು ಕೊಟ್ಟಿದ್ದೇ ಹಾಕ್ದೆ ಸಾರ್.”

“ಮತ್ತೆ ಪ್ಲೇಟ್ ಯಾಕಪ್ಪಾ ಜಾರುತ್ತೆ? ದೆವ್ವ ಹಿಡೀತಾ?”

ಆತ ನನ್ನ ಕಡೆ ಒಂದು ಸಲ ನೋಡಿದ. ಒಂದೇ ಸಲ. ಈಗ ಹೇಳುತ್ತಾನೆ, ‘ನಾನು ಬೇಡ ಅಂದೆ, ಇವರೇ ಹಟ ಮಾಡಿದರು’ ಎನ್ನುತ್ತಾನೆ ಎಂದುಕೊಂಡೆ. ಹೇಳಿಬಿಡಲಿ ಎಂದೂ ಅನ್ನಿಸಿತು.

“ಡಬ್ಬಿ ನೋಡಿ ಹಾಕ್ಬೇಕಿತ್ತು ಸಾರ್. ನೋಡ್ಲಿಲ್ಲ. ನಂದೇ ತಪ್ಪು. ಆಯಿಲ್ ಇಳಿಸಿ ಬೇರೆ ಹಾಕ್ಕೊಡ್ತೀನಿ.”

“ಕೇಳಿದ್ಯಾ?” ಎಂದು ಯಜಮಾನರು ನನ್ನ ಕಡೆ ತಿರುಗಿದರು. “ಅವನೇ ಒಪ್ಕೊಂಡ.”

ಆತ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇದ್ದ, ಗ್ರೀಸೆಲ್ಲ ಹೋದ ಮೇಲೂ.

“ನೋಡಿದ್ರು” ಎಂದೆ. “ಇದು ಸ್ಕೂಟರ್ ಆಯಿಲ್, ಬೇಡ ಅಂದ್ರು. ನಾನೇ ಇದನ್ನೇ ಹಾಕಿ ಅಂದೆ. ತಪ್ಪು ಡಬ್ಬಿ ತಂದಿದ್ದು ನಾನು ರೀ. ಇವರದೇನಿಲ್ಲ.”

ಯಜಮಾನರು ನನ್ನನ್ನು ನೋಡಿದರು, ಆತನನ್ನು ನೋಡಿದರು. ಆಮೇಲೆ ಮನೆಯ ಕಡೆ ನಡೆದರು. ಆಗಷ್ಟೇ ಸರಿಯಾದ ಸೊಂಟ, ಬೇಗ ನಡೆಯಲು ಹೋಗಿ ಒಂದು ಪಕ್ಕಕ್ಕೆ ವಾಲುತ್ತಿದ್ದರು.

“ಯಾಕೆ ಮೇಡಂ ಹೇಳಕ್ಕೆ ಹೋದ್ರಿ? ಸಾರ್ ಬೈತಾರೆ ನಿಮಗೆ” ಎಂದ ಮೆಕ್ಯಾನಿಕ್.

“ಜಾಗ ಹೋಗ್ತಿತ್ತಲ್ಲ ನಿಮ್ಮದು?”

“ತಪ್ಪಾಯ್ತು ಅಂದ್ರೆ ಬಿಟ್‌ಬಿಡ್ತಾರೆ ಅನ್ಕೊಂಡೆ” ಎಂದು ಆತ ಮತ್ತೆ ಚೈನಿನ ಮುಂದೆ ಕುಳಿತ.

ಮನೆಯಲ್ಲಿ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. “ಅಂದೇ ಯಾಕೆ ಹೇಳಲಿಲ್ಲ?” ಎಂದಷ್ಟೇ ಕೇಳಿದರು. ಗ್ರೂಪಿಗೆ ನಿಜ ಬರೆಯಿರಿ ಎಂದದ್ದಕ್ಕೆ, “ಭಾನುವಾರ ನಾನು ಮಾತಾಡ್ದೇ ಇದ್ರೆ ವಿಷಯ ತಾನಾಗೇ ತಣ್ಣಗಾಗುತ್ತೆ. ಇಬ್ಬರ ಮರ್ಯಾದೆಯೂ ಉಳಿಯುತ್ತೆ” ಎಂದರು.

ತಣ್ಣಗಾಗುವ ಲಕ್ಷಣವೇನೂ ಇರಲಿಲ್ಲ. ಗ್ರೂಪಿನಲ್ಲಿ ಒಬ್ಬರು ಅದೇ ಮೂಲೆಯಲ್ಲಿ ಗಾಡಿ ನಿಲ್ಲಿಸಲು ಜಾಗವಾಗುತ್ತದೆ ಎಂದರು. ಇನ್ನೊಬ್ಬರು ಕರೆಂಟು ಉಳಿಯುತ್ತದೆ ಎಂದರು. ಹೋಗಬೇಕಾದವನ ತಪ್ಪೇನೆಂಬುದನ್ನು ಎಲ್ಲರೂ ಆಗಲೇ ಮರೆತಿದ್ದರು. ಶನಿವಾರ ಮಧ್ಯಾಹ್ನ ನಾನೇ ಬರೆದೆ. ಆರು ವರ್ಷದಲ್ಲಿ ಆ ಗ್ರೂಪಿಗೆ ನಾನು ಬರೆದದ್ದೆಂದರೆ ಗ್ಯಾಸ್ ಬಂದಿದೆಯೇ, ಕೆಲಸದವಳು ಯಾರ ಮನೆಯಲ್ಲಿದ್ದಾಳೆ, ಇಷ್ಟೇ. ಮೂರು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು: ಆಯಿಲ್ ತಂದದ್ದು ನಾನು, ಬೇಡ ಎಂದದ್ದು ಮೆಕ್ಯಾನಿಕ್, ಹಾಕಿಸಿದ್ದು ನಾನು.

ಬಂದ ಉತ್ತರಗಳು ಕೈ ಮುಗಿಯುವ ಚಿತ್ರಗಳು. ‘ಆಂಟಿ, ನಿಮ್ಮದು ದೊಡ್ಡ ಮನಸ್ಸು.’ ‘ಸೋ ಕೈಂಡ್ ಆಫ್ ಯು.’ ಯಾರೂ ನಂಬಿರಲಿಲ್ಲ.

ಭಾನುವಾರದ ಸಭೆ ಕೆಳಗಿನ ಪಾರ್ಕಿಂಗಿನಲ್ಲಿ. ಗಂಡಸರೇ ಹೆಚ್ಚು, ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಯಜಮಾನರು ಸೊಂಟದ ಬೆಲ್ಟ್ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ಅಧ್ಯಕ್ಷರು ನಿವೃತ್ತರು, ಮೊದಲ ಮಹಡಿಯವರು, ಎಲ್ಲರನ್ನೂ ಮಕ್ಕಳಂತೆ ಮಾತಾಡಿಸುವವರು.

“ನೋಡಮ್ಮ, ನಿನ್ನ ಮೆಸೇಜ್ ಓದಿದ್ವಿ. ಕನಿಕರ ಒಳ್ಳೇದೇ. ಆದ್ರೆ ಕನಿಕರ ಬೇರೆ, ಸೇಫ್ಟಿ ಬೇರೆ.”

“ಕನಿಕರ ಅಲ್ಲ ಸಾರ್. ನಡೆದಿದ್ದು ಅದೇ.”

“ಹಾಗಿದ್ರೆ ಅವನೇ ಯಾಕೆ ತಪ್ಪು ಅಂತ ಒಪ್ಕೊಂಡ? ವಾಚ್‌ಮನ್ ಕಿವಿಯಾರೆ ಕೇಳಿದ್ದಾನೆ.”

ಹಿಂದೆ ಯಾರೋ ನಕ್ಕರು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.

“ನಮ್ಮನೆಯವರ ಮುಂದೆ ನಾನು ಬೈಸಿಕೊಳ್ಳಬಾರದು ಅಂತ” ಎಂದೆ.

ಎಲ್ಲರ ಕಣ್ಣೂ ಯಜಮಾನರ ಕತ್ತಿನ ಹಿಂಭಾಗದ ಮೇಲೆ. ಅದು ಕೆಂಪಾಗುವುದನ್ನು ನಾನು ನೋಡಿದೆ. ಹೇಳಬಾರದ್ದನ್ನು ನಾಲ್ಕು ಜನರ ಮುಂದೆ ಹೇಳಿಬಿಟ್ಟೆ, ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ. ನೀರಿನ ಮೋಟಾರು ಚಾಲೂ ಆಯಿತು. ಅದರ ಸದ್ದಿನಲ್ಲಿ ಅವರೇನು ಮಾಡುತ್ತಾರೋ ಎಂದು ಕಾದೆ. ಎದ್ದು ಹೊರಟುಹೋದರೆ ಮೆಕ್ಯಾನಿಕ್ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಅವರು ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು ಎದ್ದರು. ಹೊರಡಲಿಲ್ಲ.

“ಅವಳು ಹೇಳ್ತಿರೋದು ನಿಜ” ಎಂದರು. “ಅವನು ಏನು ಹೇಳಿದ್ರೂ ನಂಬಬೇಡ ಅಂತ ನಾನೇ ಕಲಿಸಿ ಕಳಿಸಿದ್ದೆ. ಅವನು ಸರಿಯಾಗೇ ಹೇಳಿದ್ದಾನೆ. ನಾನು ವಿಚಾರಿಸದೆ ಮೆಸೇಜ್ ಹಾಕಿದೆ. ತಪ್ಪು ನಂದು.” ಆಮೇಲೆ, ಅಧ್ಯಕ್ಷರ ಕಡೆ ತಿರುಗಿ, “ಅವನ ಜಾಗದ ವಿಷಯ ಇವತ್ತು ತಗೋಬೇಡಿ. ನನ್ನ ಮಾತಿನ ಮೇಲೆ ಅಂತೂ ತಗೋಬೇಡಿ” ಎಂದು ಕುಳಿತರು.

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಪಾರ್ಕಿಂಗಿಗೆ ಜಾಗವಾಗುತ್ತದೆ ಎಂದಿದ್ದವರು ಫೋನು ನೋಡುತ್ತಿದ್ದರು. “ಸರಿ, ಅಲ್ಲೇ ಇರ್ಲಿ ಬಿಡಿ. ನೆಲಕ್ಕೆ ಆಯಿಲ್ ಚೆಲ್ಲಬಾರದು ಅಂತ ಒಂದು ಮಾತು ಹೇಳೋಣ” ಎಂದು ಅಧ್ಯಕ್ಷರು ಟ್ಯಾಂಕರ್ ನೀರಿನ ವಿಷಯಕ್ಕೆ ಹೋದರು.

ಸಭೆ ಮುಗಿಯುವ ಮೊದಲೇ ನಾನು ಮೂಲೆಗೆ ಹೋಗಿ ತಿಳಿಸಿದೆ. ಆತ ತಲೆಯಾಡಿಸಿದ. ಸಂತೋಷವೋ ದಣಿವೋ ಗೊತ್ತಾಗಲಿಲ್ಲ.

“ಗಾಡಿ ಓಡಿಸ್ಬೇಡಿ ಅನ್ನಿ ಮೇಡಂ ಸಾರ್‌ಗೆ. ತಳ್ಕೊಂಡ್ ಬರ್ಲಿ. ಆಯಿಲ್ ಬದಲಾಯಿಸಿ ನೋಡೋಣ, ಪ್ಲೇಟು ಸುಟ್ಟಿಲ್ಲ ಅಂದ್ರೆ ಸರಿಹೋಗುತ್ತೆ.” ನನ್ನ ಮುಖ ನೋಡದೆ ಮುಂದುವರಿಸಿದ: “ಒಂದು ಮಾತು. ಆಯಿಲ್ ನೀವೇ ತನ್ನಿ, ಬೇಜಾರಿಲ್ಲ. ಆದ್ರೆ ಇನ್ಮೇಲೆ ನಾನು ಬೇಡ ಅಂದ ಮೇಲೂ ಹಾಕು ಅಂದ್ರೆ, ಬೇರೆ ಕಡೆ ಹಾಕಿಸ್ಕೊಳ್ಳಿ. ಅವತ್ತೇ ಕೈ ಕಟ್ಕೊಂಡು ನಿಲ್ಲಬೇಕಿತ್ತು ನಾನು.”

ಚುರುಕ್ಕೆಂದಿತು. ಆದರೂ ಆಗಲಿ ಎಂದೆ.

ಯಜಮಾನರಿಗೆ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಬೈಕಿನ ಬೀಗದಕೈ ತೆಗೆದುಕೊಂಡರು. ನಾನು ಬರಲೇ ಎಂದದ್ದಕ್ಕೆ ಬೇಡ ಎಂದರು. ಗೇಟಿನಿಂದ ಮೂಲೆಯವರೆಗೆ ಬಾಗಿಕೊಂಡು ಗಾಡಿ ತಳ್ಳಿದರು. ಅರ್ಧ ದಾರಿಯಲ್ಲಿ ಮೆಕ್ಯಾನಿಕ್ ಎದ್ದು ಬಂದು, ಹಿಂದಿನ ಸೀಟಿಗೆ ಕೈ ಹಚ್ಚಿ ತಾನೂ ತಳ್ಳಿದ.