ಮಂಜಿನೊಳಗೆ ಕೂಗಿದ ಹಾಜರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಬ್ಬರ ದನಿ ಕದ್ದೆ. ಕದ್ದ ದನಿಯಲ್ಲಿ ಕೂಗಿ ಒಬ್ಬ ಹೆಂಗಸನ್ನು ದಟ್ಟ ಮಂಜಿನೊಳಕ್ಕೆ ಒಂಟಿಯಾಗಿ ಕಳಿಸಿದೆ. ಕಳಿಸಿ, ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಆಗ ನನಗೆ ಇಪ್ಪತ್ತೊಂದು. ಬುದ್ಧಿಗೆ ಹನ್ನೊಂದೂ ತುಂಬಿರಲಿಲ್ಲ.

ಸಕಲೇಶಪುರದಲ್ಲಿ ನಮ್ಮದೊಂದು ಗುಡ್ಡ ಹತ್ತುವ ಬಳಗವಿತ್ತು. ಮೊಬೈಲು ಇನ್ನೂ ನಮ್ಮ ಕಡೆ ತಲೆ ಹಾಕದ ಕಾಲ. ತಿಂಗಳಿಗೆ ಎರಡು ಭಾನುವಾರ ಜೀಪಿನಲ್ಲಿ ವನಗೂರಿಗೋ ಹೆತ್ತೂರಿಗೋ ಹೋಗುವುದು, ಹುಲ್ಲುಗುಡ್ಡ ಹತ್ತುವುದು, ಕಡುಬು-ಚಟ್ನಿಯ ಬುತ್ತಿ ಬಿಚ್ಚುವುದು, ಇಳಿಯುವುದು. ಕಾಫಿ ಮಂಡಿಯ ಸಾಹೇಬರು, ಪ್ರೈಮರಿ ಶಾಲೆಯ ಟೀಚರು, ಜೀಪಿನ ಡ್ರೈವರು, ಮೂವರು ಬೆಳೆಗಾರರು, ನಾನು. ಒಟ್ಟು ಏಳು. ಈ ಏಳೂ ಜನರ ಮೇಲೆ ರೈಟರು.

ಅವರು ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ದಿನಾ ಬೆಳಿಗ್ಗೆ ಲೈನುಮನೆಗಳ ಆಳುಗಳ ಹಾಜರಿ ಕೂಗಿ ನಿವೃತ್ತರಾದವರು. ಕೆಲಸ ಬಿಟ್ಟಿತ್ತು, ಕೂಗು ಬಿಟ್ಟಿರಲಿಲ್ಲ. ಬಳಗದಲ್ಲಿ ಯಾರೂ ಅವರಿಗಿಂತ ಮುಂದೆ ನಡೆಯುವಂತಿಲ್ಲ. ಅವರು ಹೇಳುವವರೆಗೆ ಬುತ್ತಿ ಬಿಚ್ಚುವಂತಿಲ್ಲ. ಎಲ್ಲಿಂದ ವಾಪಸಾಗಬೇಕು ಎನ್ನುವುದೂ ಅವರದೇ ಮಾತು. ನಮ್ಮೆಲ್ಲರಿಗೂ ಒಂದೊಂದು ಅಂಕಿ ಕೊಟ್ಟಿದ್ದರು. ಅರ್ಧ ಗಂಟೆಗೊಮ್ಮೆ ನಿಂತು ಅಂಕಿ ಕೂಗುವರು, ನಾವು ‘ಹಾಜರ್’ ಎನ್ನಬೇಕು.

“ಗುಡ್ಡದಾಗೆ ಹೆಸರು ಹಿಡ್ದು ಕೂಗಬಾರ್ದು ಕಣ್ರೀ,” ಎನ್ನುತ್ತಿದ್ದರು. “ಕೂಗಿದ್ರೆ ಅದು ಕಲ್ತ್ಕಂಬುಡ್ತೈತೆ.”

‘ಅದು’ ಎಂದರೆ ಯಾವುದು ಎಂದು ಯಾರೂ ಕೇಳಲಿಲ್ಲ. ಬಾಯಿಬಡುಕನಾದ ನಾನೂ ಕೇಳಲಿಲ್ಲ.

ಅವರ ಕೂಗಿಗೆ ಒಂದು ಅಂದವಿತ್ತು. ಮೊದಲು ಗಂಟಲಲ್ಲಿ ‘ಹ್ಞಕ್’ ಎಂಬ ಗಿಡ್ಡ ಕೆಮ್ಮು, ಹಿಂದೆಯೇ ಮೂಗಿನಿಂದ ಹೊರಡುವ ಅಂಕಿ, ಅದರ ಬಾಲ ಹಿಡಿದು ಯಾರೋ ಎಳೆದಂಥ ಕೊನೆ. ಅದನ್ನೇ ನಾನು ಬಚ್ಚಲಮನೆಯಲ್ಲಿ ಸಾಧನೆ ಮಾಡಿದೆ. ಮೂರನೆಯ ವಾರಕ್ಕೆ ಅಮ್ಮ ಹೊರಗಿನಿಂದ, “ಯಾರೋ ಒಳಗಿರೋದು?” ಎಂದು ಹೆದರಿ ಕೇಳಿದಳು. ನಾನು ಸಾಹೇಬರ ಸೀನನ್ನೂ ಸೀನಬಲ್ಲೆ, ಡ್ರೈವರು ಗೇರು ಬದಲಿಸುವಾಗ ಬೈಯುವ ಬೈಗುಳವನ್ನೂ ಬೈಯಬಲ್ಲೆ. ‘ಈಗ ನಿನ್ನ ದನಿ ಮಾಡೋ’ ಎಂದರೆ ಮಾತ್ರ ತಡಕಾಡುತ್ತಿದ್ದೆ. ಎಲ್ಲಿಟ್ಟಿದ್ದೆನೋ ನೆನಪಿಲ್ಲ.

ಟೀಚರಿಗೆ ಅಂಕಿ ಮೂರು. ಅವರಿಗೆ ಅರಸೀಕೆರೆಯ ಕಡೆಗೆ ವರ್ಗವಾಗಿತ್ತು, ಮುಂದಿನ ವಾರ ಸಾಮಾನು ಕಟ್ಟುವುದಿತ್ತು. ಹೋಗುವ ಮುಂಚೆ ಒಂದೇ ಒಂದು ಆಸೆ. ವನಗೂರಿನ ಮೇಲಿನ ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆಯಿದೆ. ಅಲ್ಲಿ ನಿಂತರೆ ಕೆಳಗಿನ ಕಣಿವೆಯಲ್ಲಿ ಅವರು ಕೆಲಸಕ್ಕೆ ಸೇರಿದ ಮೊದಲ ಶಾಲೆ ಕಾಣುತ್ತದಂತೆ. ಶಾಲೆ ಮುಚ್ಚಿ ವರ್ಷಗಳಾಗಿದ್ದವು, ಅಲ್ಲಿಗಿದ್ದ ಕಾಲುದಾರಿಯನ್ನು ಕಾಡು ತಿಂದಿತ್ತು. ನೋಡುವುದಾದರೆ ಬಂಡೆಯಿಂದಲೇ. ನಾಲ್ಕು ಸಲ ಆ ಗುಡ್ಡ ಹತ್ತಿದ್ದೆವು. ನಾಲ್ಕು ಸಲವೂ ಬಂಡೆ ಇನ್ನೇನು ಬಂತು ಎನ್ನುವಾಗ ರೈಟರು ವಾಪಸು ತಿರುಗಿಸಿದ್ದರು.

“ಮೂರಕ್ಕೆ ಮಂಡಿನೋವು, ಸಾಕು.”

“ನನಗೆ ಮಂಡಿನೋವಿಲ್ಲ ಸಾರ್.”

“ಬತ್ತೈತೆ.”

ಆ ದಿನ ಐದನೆಯ ಸಲ. ಟೀಚರಿಗೆ ಕೊನೆಯ ಭಾನುವಾರ. ಗುಡ್ಡದ ಹೆಗಲಿಗೆ ಬರುವಷ್ಟರಲ್ಲಿ ಮಂಜು ಕವಿಯಿತು. ಹಗಲು ಹನ್ನೊಂದು ಗಂಟೆ, ಚಾಚಿದ ನನ್ನ ಕೈಯ ಬೆರಳು ನನಗೇ ಕಾಣದು. ಇದ್ದಲ್ಲೇ ಕೂರಬೇಕೆಂದು ರೈಟರ ಅಪ್ಪಣೆಯಾಯಿತು.

“ಸಾರ್, ಬಂಡೆ ಇಲ್ಲೇ ಐವತ್ತು ಮಾರು. ದಾರಿ ನೇರಕ್ಕಿದೆ,” ಎಂದಿತು ಟೀಚರ ದನಿ.

“ಬ್ಯಾಡ ಅಂದ್ನಲ್ಲ. ಮಂಜು ಹರಿದ ಮ್ಯಾಲೆ ಇಳಿಯೋದೇಯ.”

ನನಗೆ ತಡೆಯಲಿಲ್ಲ. ಹತ್ತು ಹೆಜ್ಜೆ ಪಕ್ಕಕ್ಕೆ ತೆವಳಿ ಕೆಮ್ಮಿದೆ. “ಹ್ಞಕ್. ಮೂರೂಊ! ಬಂಡೆ ತಂಕ ಹೋಗಿ!”

“ಹಾಜರ್,” ಎಂದರು ಟೀಚರು. ಒದ್ದೆ ಹುಲ್ಲಿನ ಮೇಲೆ ಅವರ ಹೆಜ್ಜೆ ಸರಸರ ಮೇಲಕ್ಕೆ ಹೋಯಿತು. ಟವೆಲಿನೊಳಗೆ ನಾನು ನಕ್ಕಿದ್ದು ಆಗಲೇ. ಬಂಡೆಯಾಚೆ ನೆಲವೇ ಇಲ್ಲ, ನೇರ ಕಣಿವೆ ಎಂಬುದು ನಗು ಮುಗಿದ ಮೇಲೆ ನೆನಪಾಯಿತು.

ಅಷ್ಟರಲ್ಲಿ ನಿಜವಾದ ರೈಟರು ಹಾಜರಿ ಶುರು ಮಾಡಿದರು. ಒಂದು, ಹಾಜರ್. ಎರಡು, ಹಾಜರ್. ಮೂರು. ಮೂರೂ. ಮೂರೂಊ.

“ನೀವೇ ಅಲ್ವಾ ಸಾರ್ ಈಗ ಕಳಿಸಿದ್ದು?” ಎಂದರು ಸಾಹೇಬರು.

“ನಾನಾ?”

“ನೀವೇ. ಬಂಡೆ ತನಕ ಹೋಗಿ ಅಂದ್ರಿ, ಎಲ್ರೂ ಕೇಳಿದ್ವಿ.”

ರೈಟರು ಬಹಳ ಮೆಲ್ಲಗೆ, “ನಾನೂ ಕೇಳ್ದೆ ಸಾಹೇಬ್ರೆ. ನಾನು ಬಾಯೇ ಬುಟ್ಟಿಲ್ಲ,” ಎಂದರು.

‘ನಾನೇ ಕೂಗಿದ್ದು’ ಎಂದು ಹೇಳಬೇಕಿತ್ತು. ಹೇಳಲೆಂದೇ ಎದ್ದು ನಿಂತೆ. ‘ಟೀಚರ್, ಅಲ್ಲೇ ನಿಲ್ಲಿ’ ಎಂದು ಕೂಗಲು ಬಾಯಿ ತೆರೆದೆ. ಬಂದಿದ್ದು ‘ಹ್ಞಕ್’. ಅದರ ಬೆನ್ನಿಗೆ ಮೂಗಿನಿಂದ “ಮೂರೂಊ.” ನಾನು ಬೇಕೆಂದು ಮಾಡಲಿಲ್ಲ. ಮತ್ತೆ ಪ್ರಯತ್ನಿಸಿದೆ, ಮತ್ತೆ ಅದೇ ಕೆಮ್ಮು. ಜೀಪಿನ ಚಕ್ರ ಹಳೆಯ ಜಾಡಿಗೆ ಬಿದ್ದ ಹಾಗೆ ನಾಲಿಗೆ ಅದರೊಳಕ್ಕೇ ಜಾರುತ್ತಿತ್ತು. ನಿಲ್ಲಲೂ ಇಲ್ಲ. “ನಾಲ್ಕೂಊ,” ಎಂದಿತು. ಮಂಜಿನಲ್ಲಿ ಯಾರೋ ನಡುಗುತ್ತ ಹಾಜರ್ ಎಂದರು. ಐದು, ಹಾಜರ್. ಆರು, ಹಾಜರ್.

“ಏಳೂಊ.”

ಏಳು ಎಂದರೆ ನಾನೇ. ಉತ್ತರ ಕೊಡಲು ನನ್ನ ಬಾಯೊಳಗೆ ನಾನೇ ಉಳಿದಿರಲಿಲ್ಲ.

“ಹಾಜರ್,” ಎಂದಿತು ನನ್ನ ಎಡಗಡೆಯಿಂದ ಒಂದು ಸಣ್ಣ ದನಿ. ಮೀಸೆ ಮೂಡದ ಹುಡುಗನೊಬ್ಬನ ದನಿ.

ಓಡೋಣವೆಂದರೆ ಯಾವ ಕಡೆಗೆ? ಮಂಡಿಯೂರಿ ದನಿ ಬಂದ ಕಡೆಗೇ ತಡವಿಕೊಂಡು ಹೋದೆ. ಕೈಗೆ ಗಂಬೂಟು ತಗುಲಿತು. ರೈಟರು ಟೋಪಿ ತೆಗೆದು, ಎರಡೂ ಕೈ ತೊಡೆಗೆ ಅಂಟಿಸಿ, ಲೈನಿನ ಮುಂದೆ ಆಳು ನಿಲ್ಲುವಂತೆ ನೆಟ್ಟಗೆ ನಿಂತಿದ್ದರು.

“ಅವ್ರು ಬಂದವ್ರೆ ಕಣೋ,” ಎಂದು ನನ್ನ ಮಣಿಕಟ್ಟು ಹಿಡಿದರು. ಕೈ ಹಸಿ ಮಣ್ಣಿನಷ್ಟು ತಣ್ಣಗಿತ್ತು.

“ಯಾರು ಸಾರ್?”

“ಹಳೇ ರೈಟರು. ಸತ್ತು ಮೂವತ್ತು ವರ್ಷದ ಮ್ಯಾಲಾತು. ಅದು ಅವ್ರ ಗಂಟ್ಲು. ಮೀಸೆ ಬರೋ ಮುಂಚೆ ನಾನು ಆಳಾಗಿ ಸೇರ್ದಾಗ ಏಳು ನನ್ನ ನಂಬ್ರು. ಅವ್ರ ಜಾಗಕ್ಕೆ ಬಂದಾಗ ನನ್ನ ದನಿಗೆ ಒಬ್ಬನೂ ಏಳ್ತಿರ್ಲಿಲ್ಲ ಮಾರಾಯ. ಅದ್ಕೇ ಅವ್ರಂಗೇ ಕೂಗಾಕೆ ಹತ್ತಿದೆ. ಈಗ ವಾಪಸು ಕೇಳಾಕೆ ಬಂದವ್ರೆ.”

ಅವರಿಂದ ನಾನು ಕದ್ದದ್ದನ್ನು ಅವರು ಸತ್ತವರಿಂದ ಕದ್ದಿದ್ದರು. ಸತ್ತವರು ಅದನ್ನು ಎಲ್ಲಿಂದ ತಂದಿದ್ದರೋ ಎಂದು ಯೋಚಿಸುವ ಧೈರ್ಯ ಇಂದಿಗೂ ನನಗಿಲ್ಲ.

“ನಾನೇ ಸಾರ್ ಕೂಗಿದ್ದು,” ಎಂದೆ. ಈ ಸಲ ದನಿ ನನ್ನದೇ ಬಂತು, ಒಡೆದ ಕೊಳಲಿನಂತೆ. ರೈಟರು ನನ್ನ ಮುಖ ನೋಡಲಿಲ್ಲ. ಬಾಯನ್ನೇ ನೋಡುತ್ತಿದ್ದರು, ಅಲ್ಲಿ ಇನ್ನೂ ಯಾರೋ ಕೂತಿರುವಂತೆ.

ಮಂಜು ತೆಳುವಾಗುವಾಗ ಮೇಲಿನಿಂದ ಟೀಚರು ಇಳಿದು ಬಂದರು. ಸೀರೆಯ ಅಂಚು ತೊಯ್ದಿತ್ತು, ಕಾಲಿಗೆ ಇಂಬಳ ಕಚ್ಚಿಕೊಂಡು ರಕ್ತ ಹೀರುತ್ತಿತ್ತು. ಮುಖ ಮಾತ್ರ ತಿಳಿಯಾಗಿತ್ತು.

“ಕಾಣಿಸ್ತಾ ಟೀಚರ್?” ಎಂದರು ಸಾಹೇಬರು.

“ಒಂದು ಗಳಿಗೆ ಮಂಜು ಸರೀತು. ಹೆಂಚು ಅರ್ಧ ಬಿದ್ದಿದೆ. ಬಾವುಟದ ಕಂಬ ನಿಂತೇ ಇದೆ.”

ರೈಟರು ಟೋಪಿ ಹಾಕಿಕೊಂಡರು. ಟೋಪಿಯ ಜೊತೆಗೆ ಕೆಮ್ಮೂ ವಾಪಸು ಬಂತು. “ಇವನು ಮಂಗ, ಇವನಿಗೆ ಆಮ್ಯಾಲೆ ಐತೆ. ನೀವು ನನ್ನ ದನಿ ಅಂದ್ಕಂಡು ಹೋದ್ರಿ, ಆಗ್ಲಿ. ಆಮ್ಯಾಲೆ ಮೂರು ಸಲ ಕರೆದ್ನಲ್ಲ, ಕೇಳಿಸ್ಲಿಲ್ವಾ?”

“ಕೇಳಿಸ್ತು ಸಾರ್.”

“ಮತ್ತ್ಯಾಕೆ ಓಗೊಡ್ಲಿಲ್ಲ? ನಾನು ಹೋಗಿ ಅಂದ್ರೆ ಹೋಗೋರು, ಕರೆದ್ರೆ ಬರಲ್ವಾ?”

ಆಮೇಲಿನ ಭಾನುವಾರಗಳಲ್ಲಿ ನಮ್ಮ ಬಳಗದಲ್ಲಿ ಯಾರೂ ಅಂಕಿ ಕೂಗಲಿಲ್ಲ. ರೈಟರು ಬರುತ್ತಿದ್ದರು, ಸಾಲಿನ ನಡುವೆ ಎಲ್ಲರಂತೆ ನಡೆಯುತ್ತಿದ್ದರು. ನನ್ನ ತಪ್ಪೊಪ್ಪಿಗೆಯಿಂದ ಹಾಗಾಯಿತು ಎಂದು ಜಂಬ ಕೊಚ್ಚಲಾರೆ. ಟೀಚರು ಬಗ್ಗಿ, ಇಂಬಳಕ್ಕೆ ಉಪ್ಪು ಒತ್ತಿ, ಅದು ಉದುರುವವರೆಗೂ ಕಾದು, ತಲೆಯೆತ್ತಿ ಕೊಟ್ಟ ಉತ್ತರದಿಂದ ಆಯಿತು.

“ಹೋಗಿ ಅಂದಿದ್ದು ನೀವಲ್ಲ ಅಂತ ನನಗೆ ಆಗ್ಲೇ ಗೊತ್ತಿತ್ತು ಸಾರ್. ಆರು ವರ್ಷದಲ್ಲಿ ನೀವು ಯಾರಿಗೂ ಒಂದ್ಸಲಾನೂ ‘ಹೋಗಿ’ ಅಂದೋರಲ್ಲ.”