ತಪ್ಪು ತೂತಿಗೆ ತ್ಯಾಪಿ

ಕಂಪ್ಯೂಟರ್ ಹುಟ್ಟಿದ್ದೇ ನಮ್ಮ ಮಗ್ಗದಿಂದ ಎಂಬುದು ಅಪ್ಪನ ವಾದ. ಅವನು ನೇಕಾರರ ಊರಾದ ರಬಕವಿಯವನು. ಭಿವಂಡಿಯ ಜಕಾರ್ಡ್ ಮಗ್ಗಗಳಿಗೆ, ಸೀರೆಯ ಡಿಸೈನಿಗೆ ತಕ್ಕಂತೆ ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆಯುವುದು ಅವನ ಕಸುಬು. ನಾನು ಐರೋಲಿಯ ಕಂಪನಿಯೊಂದರಲ್ಲಿ ಪ್ರೋಗ್ರಾಮರ್, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಆಧಾರವಿಲ್ಲದ ಹೆಮ್ಮೆ ಕಂಡರೆ ನನಗಾಗದು.

ಆ ಶನಿವಾರ ಶಹಾಡಿನ ನಮ್ಮ ಮನೆಯಲ್ಲಿ ಇದೇ ಜಗಳ.

"ಪುರಾವೆ ಎಲ್ಲಿ?" ಎಂದೆ.

"ಈ ರಟ್ಟ ಪುರಾವೆ."

"ರಟ್ಟಿನ ಉಪಾಯ ಫ್ರಾನ್ಸಿನ ನೇಕಾರನದು. ಇಂಗ್ಲೆಂಡಿನವನೊಬ್ಬ ಅದನ್ನು ಎರವಲು ಪಡೆದು ಲೆಕ್ಕ ಮಾಡುವ ಯಂತ್ರ ಯೋಚಿಸಿದ, ಪೂರ್ತಿ ಕಟ್ಟಲಾಗಲಿಲ್ಲ. ಆ ಯಂತ್ರ ಲೆಕ್ಕ ಬಿಡಿಸಬೇಕಾದ ಕ್ರಮವನ್ನು ಹಂತಹಂತವಾಗಿ ಬರೆದಿಟ್ಟವಳು ಒಬ್ಬ ಹೆಂಗಸು. ಇದರಲ್ಲಿ ನಿನ್ನ ರಬಕವಿ ಎಲ್ಲಿ ಬಂತು?"

"ಫ್ರಾನ್ಸಿನಾಂವ ನೇಕಾರ ಹೌದಿಲ್ಲೋ? ನೇಕಾರ ಅಂದಮ್ಯಾಲ ನಮ್ಮಾಂವ."

ಇಂಥ ತರ್ಕಕ್ಕೆ ಯಾವ ತೀರ್ಪುಗಾರನೂ ಅಂಕ ಕೊಡುವುದಿಲ್ಲ.

ಮರುದಿನ ಡೊಂಬಿವಲಿಯ ಕನ್ನಡ ಸಂಘದಲ್ಲಿ 'ಕಂಪ್ಯೂಟರ್ ಕಟ್ಟಿದವರು' ಎಂಬ ಕಾರ್ಯಕ್ರಮ. ನಿರೂಪಣೆ ನನ್ನದು. "ನಾನೂ ಎರಡು ಮಾತು ಆಡ್ತೇನಿ" ಎಂದು ಅಪ್ಪ ಕೇಳಿದ್ದ. ಬೇಡ, ರಟ್ಟಿನ ಸರ ತಂದು ಗೋಡೆಗೆ ತೂಗುಹಾಕು, ಸಾಕು ಎಂದಿದ್ದೆ. ಅವನು ಅದೇ ಮಾತು ಆಡಿ ಸಭೆ ನಕ್ಕುಬಿಟ್ಟರೆ? ಆ ನಗು ತಪ್ಪು ಎನ್ನಲೂ ನನಗೆ ಬರುತ್ತಿರಲಿಲ್ಲ.

ಆದರೆ ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ನಲ್ಲಿ ಮುಖ್ಯ ಭಾಷಣಕಾರರು ಠಾಣೆಯಲ್ಲೇ ಸಿಕ್ಕಿಕೊಂಡರು. ಉಡುಪಿ ಕಡೆಯ ಹೋಟೆಲಿನ ಮಾಲೀಕರಾದ ನಮ್ಮ ಕಾರ್ಯದರ್ಶಿ ಓಡಿ ಬಂದರು. "ಯಾರನ್ನಾದ್ರೂ ನಿಲ್ಲಿಸು ಮಾರಾಯ್ತಿ, ಜನ ಎದ್ದು ಹೋಗ್ತಾರೆ. ಆ ರಟ್ಟು ಹಿಡ್ಕೊಂಡವರು ಯಾರು?"

"ನಮ್ಮಪ್ಪ."

"ಮತ್ತೆಂತ ಯೋಚನೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ವೇದಿಕೆಯ ಮೇಲಿದ್ದ.

"ತೂತಿದ್ದಲ್ಲಿ ಎಳಿ ಮ್ಯಾಲ ಏಳತೈತಿ, ಇಲ್ಲದಲ್ಲಿ ಕೆಳಗ ಉಳೀತೈತಿ. ಮಗ್ಗಕ್ಕ ಗೊತ್ತಿರೂದು ಇವೆರಡ ಮಾತು," ಎಂದು ಶುರು ಮಾಡಿದ. ಈಗ ಆ ಮಾತು ಅಂದುಬಿಡುತ್ತಾನೆ ಎಂದು ಕುರ್ಚಿಯ ತುದಿಗೆ ಸರಿದೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, ತೂತು ತಪ್ಪಾದರೆ ಪೂರ್ತಿ ಬಿಸಾಡಬೇಕಾ ಎಂದು ಹಿಂದಿಯಲ್ಲಿ ಕೇಳಿದಳು: "ಅಂಕಲ್, ಗಲತ್ ಛೇದ್ ಹೋ ಗಯಾ ತೋ? ಪೂರಾ ಫೇಂಕನಾ ಪಡ್ತಾ ಹೈ?"

"ಫೇಂಕನಾ ಕಾಯ್‌ಕೋ? ತ್ಯಾಪಿ ಹಚ್ಚೂದು!" ಅಪ್ಪ ಒಂದು ರಟ್ಟು ಎತ್ತಿ ಬೆಳಕಿಗೆ ಹಿಡಿದ. ತಪ್ಪು ತೂತಿನ ಮೇಲೆ ಕಾಗದದ ತುಣುಕು, ಪಕ್ಕದಲ್ಲಿ ಸರಿಯಾದ ತೂತು.

ನಾನು ಎದ್ದು ನಿಂತಿದ್ದೆ. ಮೊದಮೊದಲ ಕಂಪ್ಯೂಟರುಗಳಿಗೂ ಆದೇಶ ಹೋಗುತ್ತಿದ್ದದ್ದು ತೂತಿನ ಪಟ್ಟಿಗಳಲ್ಲೇ. ತಪ್ಪಾದಲ್ಲಿ ಕಾಗದ ಅಂಟಿಸುತ್ತಿದ್ದರು. ಪ್ರೋಗ್ರಾಮಿನ ತಪ್ಪು ತಿದ್ದುವ ತುಣುಕಿಗೆ ಪ್ಯಾಚ್ ಎಂಬ ಮಾತು ಬಂದದ್ದು ಅಲ್ಲಿಂದ. ಇದನ್ನು ಓದಿದ್ದೆ. ಆಫೀಸಿನಲ್ಲಿ ತಿಂಗಳು ತಿಂಗಳೂ ಪ್ಯಾಚ್ ಬಿಡುತ್ತೇನೆ. ಮನೆಯಲ್ಲಿ ಅಂಟಿನ ಡಬ್ಬಿ ಹಿಡಿದು ಕೂತವನನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಇವೆರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ.

ಮೈಕು ತೆಗೆದುಕೊಂಡು ಅಷ್ಟನ್ನೂ ಹೇಳಿದೆ. ಯಂತ್ರದ ಭಾಷೆಯನ್ನು ಮನುಷ್ಯರ ಮಾತಿಗೆ ಹತ್ತಿರ ತಂದ ಅಮೆರಿಕದ ಹೆಂಗಸೂ ಮೊದಲು ಕೆಲಸ ಮಾಡಿದ್ದು ಇಂಥ ಪಟ್ಟಿಗಳ ಜೊತೆಗೇ ಎಂದೆ. ಆಮೇಲೆ, ತೂಗಿ ನೋಡಿಯೇ ಅಂದೆ: "ಕಂಪ್ಯೂಟರನ್ನು ನಮ್ಮಪ್ಪ ಕಂಡುಹಿಡಿಯಲಿಲ್ಲ. ಆದರೆ ಅದನ್ನು ಕಟ್ಟಿದವರು ಇವತ್ತು ಈ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತರೆ, ತಪ್ಪು ತೂತಿಗೆ ತ್ಯಾಪಿ ಹಚ್ಚಿ ತಿದ್ದಿಕೊಡಬಲ್ಲವರು ಇಲ್ಲಿ ಒಬ್ಬರೇ. ಅದು ನಾನಲ್ಲ."

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ. "ಅಂದ್ರ, ನಾ ಹೇಳಿದ್ದು ಖರೇ ಆತಲ್ಲ?"

"ಇಲ್ಲ. ನೀ ಹೇಳಿದ್ದು ಬ್ಯಾರೆ, ನಾ ಸಾಧಿಸಿದ್ದು ಬ್ಯಾರೆ."

"ಇರ್ಲಿ ಬಿಡು ಯವ್ವಾ. ಚಪ್ಪಾಳಿ ಬಿದ್ದದ್ದು ನನಗ."

ಅದಂತೂ ನಿಜವೇ ಆಗಿತ್ತು.