ಹನ್ನೊಂದು ಬರೆದ ಹುಡುಗಿ, ನೀರು ತುಂಬಿದ ಕಾಕಾ

ಬೆಳಗಿನ ಆರು ಗಂಟೆ. ಸ್ಟೇಷನ್ನಿನ ಕಡೆಯಿಂದ ಪ್ಯಾಸೆಂಜರ್ ಗಾಡಿಯ ಕೂಗು ಕೇಳಿಸುವ ಹೊತ್ತಿಗೆ ಗುಲಾಮ ದಸ್ತಗೀರ ಕಾಲೇಜಿನ ಹಿಂಬದಿಯ ಲ್ಯಾಬಿನ ಬೀಗ ತೆಗೆದು, ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಮೊದಲು ಕಿಟಕಿ ತೆರೆಯುತ್ತಾರೆ. ನಿನ್ನೆಯ ಆ್ಯಸಿಡ್ಡಿನ ಘಾಟು ಹೊರಗೆ ಹೋಗಬೇಕು. ಆಮೇಲೆ ಮೂಲೆಯ ಸ್ಟವ್ವಿಗೆ ಗಾಳಿ ಹೊಡೆದು, ಅದರ ಮೇಲೆ ಕೂತ ತಾಮ್ರದ ಹಂಡೆಗೆ ಬೆಂಕಿ ಕೊಡುತ್ತಾರೆ. ಹಂಡೆಯ ನೀರು ಕುದಿದು, ಆವಿಯಾಗಿ, ಕೊಳವೆಯಲ್ಲಿ ತಣ್ಣಗಾಗಿ ಗಾಜಿನ ಬಾಟಲಿಗೆ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಡಿಸ್ಟಿಲ್ ವಾಟರು ಅಂದರೆ ಇದೇ. ಮೊದಲ ತೊಟ್ಟು ಬಿದ್ದದ್ದನ್ನು ನೋಡಿದ ಮೇಲೆಯೇ ಅವರು ಸ್ಟೂಲಿನ ಮೇಲೆ ಕೂಡುತ್ತಾರೆ, ಮನೆಯಿಂದ ತಂದ ಚಹಾ ಕುಡಿಯುತ್ತಾರೆ.

ಶಹಾಬಾದಿನ ಕಡೆಯ ಈ ಕಾಲೇಜಿನ ಹೆಸರು ಬರೆಯಬಾರದು ಅಂತ ಅವರದೊಂದು ಕರಾರು. ಮುಂದೆ ಹೇಳುವ ಸಂಗತಿಯಲ್ಲಿ ಬರುವ ಹುಡುಗರೆಲ್ಲ ಈಗ ಮಕ್ಕಳೊಂದಿಗರಾಗಿದ್ದಾರೆ, ಅವರ ಮಕ್ಕಳು ಓದಿದರೆ ಚೆನ್ನಾಗಿರದು ಅನ್ನುತ್ತಾರೆ. ಇದು ಎಂಬತ್ತನಾಲ್ಕನೆಯ ಇಸವಿ. ದಸ್ತಗೀರ ಅವರಿಗೆ ಐವತ್ತಾರು. ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವರು. ಅರವತ್ತೆರಡರಲ್ಲಿ ಲ್ಯಾಬಿನ ಜವಾನರಾಗಿ ಬಂದವರು ಇಲ್ಲಿಂದ ಬೇರೆ ಕಡೆ ಹೋಗಿಲ್ಲ.

ದಿನಕ್ಕೆ ಮೂರು ತಂಡ ಹುಡುಗರು ಬರುತ್ತಾರೆ. ಒಂದೊಂದು ತಂಡಕ್ಕೂ ಇಪ್ಪತ್ತು ಬ್ಯೂರೆಟ್ಟು; ಮೈತುಂಬ ಗೆರೆ ಕೊರೆದ, ತುದಿಗೆ ತಿರುಪು ಇರುವ ಉದ್ದನೆಯ ಗಾಜಿನ ಕೊಳವೆಗಳು. ಅರವತ್ತನ್ನೂ ತೊಳೆದು, ಬೋರಲು ಹಾಕಿ, ಒಣಗಿಸಿ, ತಿರುಪಿಗೆ ಜಿಡ್ಡು ಸವರಿ ನಿಲ್ಲಿಸಬೇಕು. ಹದಿನೈದು ಸೇರು ನೀರು ಬಟ್ಟಿ ಇಳಿಯಬೇಕು. ಇಪ್ಪತ್ತೆರಡು ವರ್ಷದಲ್ಲಿ ತಮ್ಮ ಕೈಯಿಂದ ಒಡೆದದ್ದು ಒಂಬತ್ತು ಬ್ಯೂರೆಟ್ಟು ಅಂತ ತಾವೇ ಹೇಳುತ್ತಾರೆ. ಹುಡುಗರು ಒಡೆದದ್ದನ್ನು ಕೇಳಿದರೆ ನಗುತ್ತಾರೆ. ಬಲಗೈಯ ಮೂರು ಬೆರಳ ತುದಿ ಆ್ಯಸಿಡ್ಡಿಗೆ ಸುಟ್ಟು ನುಣ್ಣಗಾಗಿವೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದಿಲ್ಲವಾದ್ದರಿಂದ ಅದರಿಂದೇನೂ ತೊಂದರೆಯಿಲ್ಲವಂತೆ.

ವಿಜ್ಞಾನ ತೆಗೆದುಕೊಂಡವರಿಗೆ ಕೆಮಿಸ್ಟ್ರಿ ಕಡ್ಡಾಯ. ಇಷ್ಟವಿದ್ದವರೂ ಇಲ್ಲದವರೂ ವಾರಕ್ಕೊಂದು ದಿನ ಈ ಲ್ಯಾಬಿಗೆ ಬರಲೇಬೇಕು, ಮಾಡಿದ ಪ್ರಯೋಗವನ್ನು ಜರ್ನಲ್ ಎಂಬ ನೋಟುಬುಕ್ಕಿನಲ್ಲಿ ಬರೆದು ಲೆಕ್ಚರರ ಸಹಿ ಪಡೆಯಲೇಬೇಕು. ಎಲ್ಲ ಪುಟಕ್ಕೂ ಸಹಿ ಬೀಳದಿದ್ದರೆ ವರ್ಷದ ಕೊನೆಯ ಪರೀಕ್ಷೆಗೆ ಕೂಡಿಸುವುದಿಲ್ಲ. ಪ್ರಯೋಗಗಳೇನೋ ವರ್ಷ ವರ್ಷವೂ ಅವೇ. ಹಾಗಾಗಿ ಬಹಳ ಕಾಲದಿಂದ ಇಲ್ಲೊಂದು ರೂಢಿಯಿತ್ತು. ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಹಾಗೆ ಮೇಲಿನ ಕ್ಲಾಸಿನವರ ಜರ್ನಲ್ಲು ಕೆಳಗಿನ ಕ್ಲಾಸಿಗೆ ಇಳಿಯುತ್ತಿತ್ತು. ಹುಡುಗರು ಉತ್ತರವನ್ನು ಮನೆಯಲ್ಲೇ ಬರೆದುಕೊಂಡು ಬಂದು, ಲ್ಯಾಬಿನಲ್ಲಿ ಬ್ಯೂರೆಟ್ಟಿನ ಮುಂದೆ ಒಂದು ತಾಸು ನಿಂತು, ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು.

ಇದು ದಸ್ತಗೀರ ಅವರಿಗೆ ಗೊತ್ತಿರಲಿಲ್ಲವೆ? “ಗೊತ್ತಿಲ್ದೆ ಏನ್ರಿ. ಮುಂಜಾನೆ ತುಂಬಿಟ್ಟ ಬಾಟಲಿ ಸಂಜಿಗೂ ತುಂಬಿದಂಗೇ ಇದ್ರ ಯಾರು ಏನು ಮಾಡ್ಯಾರಂತ ನನಗ ತಿಳೀತದ. ಆದ್ರ ಬಾಟಲಿ ತುಂಬೋದು ನನ್ನ ಕೆಲಸ, ಓದೋದು ಅವ್ರ ಕೆಲಸ ಅಂತ ಸುಮ್ಮನಿದ್ದೆ.”

ಎಪ್ಪತ್ತೈದರ ಫೆಬ್ರುವರಿಯಲ್ಲಿ ಆ ಸುಮ್ಮನಿರುವಿಕೆ ಮುಗಿಯಿತು.

ಆ ವಾರ ತಾಮ್ರದ ಹಂಡೆಯ ಬೆಸುಗೆ ಬಿಟ್ಟು ಸೋರುತ್ತಿತ್ತು. ಬೆಸುಗೆ ಹಾಕುವವನು ವಾಡಿ ಊರಿಗೆ ಹೋದವನು ಬಂದಿರಲಿಲ್ಲ. ಮರುದಿನ ಪ್ರಾಕ್ಟಿಕಲ್ ಇತ್ತು. ಉಳಿದಿದ್ದ ಡಿಸ್ಟಿಲ್ ವಾಟರು ಪ್ರಯೋಗದ ವಾಷಿಂಗ್ ಸೋಡಾ ಕರಗಿಸುವುದಕ್ಕೇ ಮುಗಿಯಿತು. ಆ್ಯಸಿಡ್ಡಿಗೆ ನೀರಿಲ್ಲ. ದಸ್ತಗೀರ ಕಾಲೇಜಿನ ಬಾವಿಯಿಂದ ನೀರು ಸೇದಿ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ, ಅದನ್ನೇ ಬೆರೆಸಿಟ್ಟರು. ನೋಡಲು ಗಾಜಿನಂತೆ ತಿಳಿಯಾಗಿತ್ತು. ಬಟ್ಟಿ ನೀರನ್ನೇ ಹಾಕಬೇಕೆಂಬ ನಿಯಮ ಗೊತ್ತಿತ್ತು, ಯಾಕೆಂಬುದು ಗೊತ್ತಿರಲಿಲ್ಲ.

ಮರುದಿನ ಮೂವತ್ತಮೂರು ಜನ ಆ ಪ್ರಯೋಗ ಮಾಡಿದರು. ಸೋಡಾ ನೀರಿಗೆ ಬಣ್ಣದ ಎರಡು ಹನಿ ಹಾಕಿ, ಮೇಲಿಂದ ಬ್ಯೂರೆಟ್ಟಿನ ಆ್ಯಸಿಡ್ಡು ಬಿಡುತ್ತ ಹೋದರೆ ಒಂದು ಹಂತದಲ್ಲಿ ಹಳದಿ ಹೋಗಿ ಕಿತ್ತಳೆ ಬಣ್ಣ ಬರುತ್ತದೆ. ಆಗ ಆ್ಯಸಿಡ್ಡು ಎಷ್ಟು ಇಳಿದಿದೆ ಅಂತ ಗೆರೆ ನೋಡಿ ಬರೆಯಬೇಕು. ಮೂವತ್ತೆರಡು ಜನ ಹತ್ತು ಎಂದು ಬರೆದರು. ಒಬ್ಬಳು ಮಾತ್ರ ಹನ್ನೊಂದು ಎಂದು ಬರೆದಳು. ಆಕೆ ಭಂಕೂರಿನ ಅನಸುಬಾಯಿ, ಖಣಿಯಲ್ಲಿ ಕಲ್ಲು ಸೀಳುವ ಭಗವಂತ ಎಂಬವರ ಮಗಳು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಹಳೆಯ ಜರ್ನಲ್ ಕೊಡಲು ಅವಳಿಗೆ ಮೇಲಿನ ಕ್ಲಾಸಿನಲ್ಲಿ ಯಾರೂ ಇರಲಿಲ್ಲ.

ಕೆಮಿಸ್ಟ್ರಿಯ ಲೆಕ್ಚರರು ದೇವಿಂದ್ರಪ್ಪ ಮೂವತ್ತೆರಡು ಜರ್ನಲ್ಲಿಗೆ ಟಿಕ್ಕು ಹಾಕಿ ಸಹಿ ಮಾಡಿದರು. ಅನಸುಬಾಯಿಯ ಪುಟಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, ಮನಸ್ಸಿಗೆ ಬಂದದ್ದು ಬರೆಯಬೇಡ, ನಾಳೆ ಸರಿಮಾಡಿ ತೋರಿಸು, ಸಹಿಗೆ ನಾಳೆಯೇ ಕೊನೆಯ ದಿನ ಅಂದರು. ಸಹಿಯಿಲ್ಲದಿದ್ದರೆ ಪರೀಕ್ಷೆಯಿಲ್ಲ. ಒಂದು ವರ್ಷ ನಪಾಸಾದರೆ ಸ್ಕಾಲರ್‌ಶಿಪ್ ನಿಲ್ಲುತ್ತಿತ್ತು. ಅದು ನಿಂತರೆ ಅವಳ ಓದೂ ನಿಂತ ಹಾಗೆಯೇ.

ಸಂಜೆ ಬೀಗ ಹಾಕಲು ಬಂದ ದಸ್ತಗೀರ ಅವರಿಗೆ ಲ್ಯಾಬಿನ ಮೆಟ್ಟಿಲ ಮೇಲೆ ಹುಡುಗಿ ಕೂತದ್ದು ಕಂಡಿತು. ಕೈಯಲ್ಲಿ ಅರ್ಧ ಬ್ಲೇಡು. ಕಾಗದ ಹರಿಯದಂತೆ ಹನ್ನೊಂದನ್ನು ಕೆರೆದು ಹತ್ತು ಮಾಡಬೇಕಿತ್ತು. ಗೆಳತಿಯರು ಹಾಗೇ ಮಾಡು ಅಂದಿದ್ದರು.

“ಮೂರು ಸಲ ಮಾಡೀನಿ ಕಾಕಾ,” ಅಂದಳಂತೆ. “ಮೂರು ಸಲಾನೂ ಅಷ್ಟೇ ಬಂತು. ನನ್ನ ಕಣ್ಣಾಗೇ ಏನರ ದೋಷ ಅದ ಏನು?”

ದಸ್ತಗೀರ ಅವರಿಗೆ ಹೊಳೆಯಲಿಲ್ಲ. ಆದರೂ ಯಾಕೋ ಆ ಬ್ಲೇಡು ಇಸಿದುಕೊಂಡರು. ನಾಳೆ ಮುಂಜಾನೆಯವರೆಗೆ ಅಳಿಸಬ್ಯಾಡ ಬೇಟಿ, ಅಂದು ಅವಳನ್ನು ಊರಿಗೆ ಕಳಿಸಿದರು.

ಉತ್ತರ ಸಿಕ್ಕಿದ್ದು ಮನೆಯಲ್ಲಿ, ಊಟಕ್ಕೆ ಕೂತಾಗ. ಅವತ್ತು ನಳದಲ್ಲಿ ನೀರು ಬಂದಿರಲಿಲ್ಲ. ಹೆಂಡತಿ ಹಸೀನಾಬೇಗಂ ಬಾವಿ ನೀರಿನಲ್ಲೇ ಬೇಳೆ ಇಟ್ಟಿದ್ದರು. ಎರಡು ತಾಸು ಕುದಿದರೂ ಬೇಳೆ ಬೇಳೆಯಾಗಿಯೇ ಇತ್ತು. ಈ ಸೀಮೆಯ ನೆಲದಡಿ ಪೂರಾ ಸುಣ್ಣದ ಕಲ್ಲು. ಬಾವಿಯ ನೀರು ಕುದಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುತ್ತದೆ. ಲ್ಯಾಬಿನ ಕಲ್ಲುನೆಲದ ಮೇಲೆ ಆ್ಯಸಿಡ್ಡು ಚೆಲ್ಲಿದರೆ ಬುಸ್ಸೆಂದು ಅದು ಕಲ್ಲನ್ನು ತಿನ್ನುವುದನ್ನೂ, ತಿಂದು ತಾನೇ ಸಪ್ಪಗಾಗುವುದನ್ನೂ ದಸ್ತಗೀರ ಹದಿಮೂರು ವರ್ಷ ನೋಡಿದ್ದರು. ನೀರಿನಲ್ಲಿ ಕರಗಿದ ಸುಣ್ಣ ತಮ್ಮ ಆ್ಯಸಿಡ್ಡನ್ನೂ ಹಾಗೇ ಸಪ್ಪಗೆ ಮಾಡಿದೆ. ಸಪ್ಪಗಿನ ಆ್ಯಸಿಡ್ಡು ಹತ್ತು ಸಾಲದು, ಹನ್ನೊಂದು ಬೇಕು.

ಕೈತೊಳೆದು ಹೆಂಡತಿಗೆ ಹೇಳಿದರು. ಅವರ ಮನೆಮಾತು ದಖನಿ ಉರ್ದು. ನಮಗೆ ಅದನ್ನು ಕನ್ನಡದಲ್ಲಿ ಹೇಳುತ್ತಾರೆ. “ಬ್ಯಾಳಿ ಬೇಯದ ನೀರಾಗ ಹುಡುಗೂರ ಪರೀಕ್ಷಾ ಬೇಯಸಾಕ ಹೋಗೀರೇನು, ಅಂತ ಮೊದಲು ನಕ್ಕಳ್ರಿ.” ಆಮೇಲೆ ಇಬ್ಬರೂ ನಗಲಿಲ್ಲ. ಹದಿಮೂರು ವರ್ಷದ ಹಂಗಾಮಿ ನೌಕರಿ ಕಾಯಂ ಆಗುವ ಕಾಗದ ಆಫೀಸಿನಲ್ಲಿ ಸಹಿಗೆ ಕಾಯುತ್ತಿತ್ತು. ನಿಯಮ ಮೀರಿ ಬಾವಿ ನೀರು ಹಾಕಿದೆ ಅಂತ ತಾವೇ ಹೋಗಿ ಹೇಳಿದರೆ ಆ ಕಾಗದದ ಗತಿ ಏನು? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಸೀನಾಬೇಗಂ ತಟ್ಟೆ ಎತ್ತಿಡುತ್ತ, ಹದಿಮೂರು ವರ್ಷ ಕಾದೀವಿ, ಇನ್ನೆರಡು ವರ್ಷ ಕಾದರೇನು, ಆ ಹುಡುಗಿಗೆ ಕಾಯಾಕ ನಾಳೆ ಒಂದೇ ದಿನ ಅದ, ಅಂದರಂತೆ.

ಬೆಳಿಗ್ಗೆ ದೇವಿಂದ್ರಪ್ಪನವರು ಬರುವ ಮೊದಲೇ ದಸ್ತಗೀರ ಸ್ಟಾಫ್ ರೂಮಿನ ಬಾಗಿಲಲ್ಲಿದ್ದರು. ಗಲತಿ ಹುಡುಗೀದಲ್ಲ ಸರ್, ಬಾವಿ ನೀರು ಹಾಕಿದ ತಪ್ಪು ನಂದು ಅಂದರು. ಲೆಕ್ಚರರು ಮೊದಲು ನಂಬಲಿಲ್ಲ. ನಂಬದಿದ್ದರೂ ಲ್ಯಾಬಿಗೆ ಬಂದರು. ತೋಳು ಮಡಿಚಿ ತಾವೇ ಬ್ಯೂರೆಟ್ಟು ತುಂಬಿ, ಉಳಿದಿದ್ದ ಅದೇ ಆ್ಯಸಿಡ್ಡಿನಿಂದ ಮೂರು ಸಲ ಪ್ರಯೋಗ ಮಾಡಿದರು. ಮೂರು ಸಲವೂ ಹನ್ನೊಂದೇ ಬಂತು. ಆಮೇಲೆ ಮೂವತ್ತಮೂರೂ ಜರ್ನಲ್ ತರಿಸಿದರು. ಅನಸುಬಾಯಿಯ ಪುಟದ ಕೆಂಪು ಗೆರೆಯ ಪಕ್ಕ ‘ಇದು ಸರಿ, ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದರು. ಉಳಿದ ಮೂವತ್ತೆರಡು ಸಹಿಯನ್ನು ಹೊಡೆದುಹಾಕಿದರು. ಕ್ಲಾಸಿಗೆ ಬಂದು ಅವರು ಕೇಳಿದ್ದು ಒಂದೇ ಮಾತು.

“ಲ್ಯಾಬಿನಾಗ ಇದ್ದದ್ದು ಒಂದೇ ಬಾಟಲಿ. ಅದು ಹನ್ನೊಂದು ಹೇಳ್ತದ. ನೀವು ಹತ್ತು ಬರದದ್ದು ಯಾವ ಬಾಟಲೀದು, ತೋರಸ್ರಿ.”

ನೀರು ಹಾಕಿದವನು ಒಬ್ಬ, ಶಿಕ್ಷೆ ನಮಗೇಕೆ ಅಂತ ಹುಡುಗರು ಪ್ರಿನ್ಸಿಪಾಲರ ಹತ್ತಿರ ಹೋದರು. ಪ್ರಿನ್ಸಿಪಾಲರು ದಸ್ತಗೀರ ಅವರಿಗೆ ಮೆಮೊ ಕೊಟ್ಟರು. ಕಾಯಂ ಆಗುವ ಕಾಗದ ಸರಿಯಾಗಿ ಎರಡು ವರ್ಷ ತಡವಾಯಿತು. ಹುಡುಗರಿಗೆ ಸಿಕ್ಕಿದ್ದು, ಸಹಿಯ ಗಡುವು ಮುಂದೆ ಹಾಕಿ, ಆ ಅವಧಿಯ ಪ್ರಯೋಗವನ್ನೆಲ್ಲ ಮೊದಲಿನಿಂದ ಮಾಡಲು ನಾಲ್ಕು ರವಿವಾರ. ಆ ನಾಲ್ಕೂ ರವಿವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದವರು ದಸ್ತಗೀರ ಅವರೇ. ಹುಡುಗರು ಒಳಗೆ ಬರುತ್ತ, “ಕಾಕಾ, ಇವತ್ತು ಯಾವ ಬಾವೀದು?” ಅಂತ ಕೇಳುತ್ತಿದ್ದರು. ಅವರು ಬ್ಯೂರೆಟ್ಟು ಕೊಡುತ್ತಿದ್ದರು. ತಿರುಪು ಹಿಡಿಯುವುದು ಗೊತ್ತಿಲ್ಲದವರ ಕೈಹಿಡಿದು ತೋರಿಸುತ್ತಿದ್ದರು. ವರ್ಷ ಮುಗಿಯಲು ಬಂದಿದ್ದರೂ ಹೆಚ್ಚಿನವರಿಗೆ ಅದು ಗೊತ್ತಿರಲಿಲ್ಲ.

ಆ ಮೂವತ್ತೆರಡರಲ್ಲಿ ಒಬ್ಬರು ಮಶಾಕ. ಈಗ ವಾಡಿಯಲ್ಲಿ ಸಿಮೆಂಟು ಪರೀಕ್ಷೆ ಮಾಡುವ ಕೆಮಿಸ್ಟು. ಪ್ರತಿ ಈದಿಗೆ ಕಾಕಾನ ಮನೆಗೆ ಬರುತ್ತಾರೆ. “ಕಾಕಾಗ ಬಾವಿ ಸಾಬ ಅಂತ ಹೆಸರಿಟ್ಟವ ನಾನೇರಿ,” ಅಂತ ತಲೆ ತಗ್ಗಿಸಿ ನಗುತ್ತಾರೆ. “ಆ ರವಿವಾರ ಇರದಿದ್ರ ನನ್ನ ಕೈಯಾಗ ಈ ಕೆಲಸ ಇರ್ತಿರಲಿಲ್ಲ. ಇಲ್ಲಿ ಯಾರ ಜರ್ನಲ್ ನೋಡಿ ಬರೀಲಿ? ನಾ ಸುಳ್ಳು ಬರದ್ರ ಯಾರದೋ ಮನಿ ಛತ್ತು ಬೀಳ್ತದ.”

ಅನಸುಬಾಯಿ ಸೇಡಮ್ಮಿನ ಆಚೆ ಕುರಕುಂಟಾದಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ಕೆಂಪು ಗೆರೆಯ ಆ ಜರ್ನಲ್ಲು ಅವರ ಹತ್ತಿರ ಇನ್ನೂ ಇದೆ. ಮಕ್ಕಳಿಗೆ ತೋರಿಸುತ್ತೀರಾ ಅಂದರೆ ಇಲ್ಲ ಅನ್ನುತ್ತಾರೆ. ಸರ್ ಅದನ್ನು ಬರೆದದ್ದು ನನಗಾಗಿ, ತೋರಿಸುವುದಕ್ಕಲ್ಲ ಅನ್ನುವುದು ಅವರ ಮಾತು. “ಅವತ್ತು ಅಳಿಸಿಬಿಟ್ಟಿದ್ರ ಪಾಸಂತೂ ಆಗ್ತಿದ್ದೆ. ಆದ್ರ ನನ್ನ ಕಣ್ಣೇ ಸುಳ್ಳು ಅಂತ ತಿಳಕೊಂಡು ಉಳೀತಿದ್ದೆ. ಕಾಕಾ ತಮ್ಮ ನೌಕರಿ ಮುಂದಿಟ್ಟು ನನ್ನ ಕಣ್ಣು ನನಗ ಕೊಟ್ರು.” ಅಷ್ಟು ಹೇಳಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಈ ಮಾತನ್ನು ದಸ್ತಗೀರ ಅವರಿಗೆ ತಲುಪಿಸಿದರೆ ಅವರು ಒಪ್ಪುವುದಿಲ್ಲ. “ಉಪಕಾರ ಅಕಿದ್ರಿ. ಮೂವತ್ತೆರಡು ಮಂದಿ ಹತ್ತು ಅಂದ್ರು, ನನಗ ಭಾಳ ಚಲೋ ಕೆಲಸ ಮಾಡೀನಿ ಅನಿಸಿತ್ತು. ಅಕಿ ಹನ್ನೊಂದು ಬರೀದಿದ್ರ ನಾ ಇವತ್ತಿಗೂ ಹಂಡೆ ಸೋರಿದಾಗೆಲ್ಲ ಬಾವಿ ನೀರೇ ಹಾಕ್ತಿದ್ದೆ.”

ಅಂದಿನಿಂದ ಈ ಲ್ಯಾಬಿನ ಪದ್ಧತಿ ಬೇರೆಯಾಗಿದೆ. ಒಂದೇ ದೊಡ್ಡ ಬಾಟಲಿಯ ಬದಲು ಮೇಜಿಗೊಂದು ಬಾಟಲಿ. ಒಂದರ ಆ್ಯಸಿಡ್ಡು ಸ್ವಲ್ಪ ತೀಕ್ಷ್ಣ, ಇನ್ನೊಂದರದು ಸ್ವಲ್ಪ ಸಪ್ಪಗೆ. ಯಾವುದು ಎಷ್ಟೆಂದು ಬರೆದ ಚೀಟಿ ದೇವಿಂದ್ರಪ್ಪನವರ ಕಿಸೆಯಲ್ಲಿರುತ್ತದೆ. ಪಕ್ಕದ ಮೇಜಿನವನದು ನೋಡಿ ಬರೆದರೆ ಪಕ್ಕದ ಬಾಟಲಿಯ ಉತ್ತರವೇ ಬರುತ್ತದೆ. ಇದರಿಂದ ದಸ್ತಗೀರ ಅವರ ಕೆಲಸ ಒಂದಕ್ಕೆ ಹತ್ತಾಗಿದೆ. ಬೆಳಗಿನ ಎಂಟಕ್ಕೆ ಬರುತ್ತಿದ್ದವರು ಆರಕ್ಕೆ ಬರುತ್ತಿರುವುದು ಇದಕ್ಕಾಗಿಯೇ. ಈ ಉಪಾಯ ಹೇಳಿಕೊಟ್ಟವರು ಯಾರೆಂದು ಕೇಳಿದರೆ ಸರ್ ಅನ್ನುತ್ತಾರೆ. ಸರ್ ಅವರನ್ನು ಕೇಳಿದರೆ ದಸ್ತಗೀರ ಅನ್ನುತ್ತಾರೆ.

ಇನ್ನೆರಡು ವರ್ಷಕ್ಕೆ ನಿವೃತ್ತಿ. ಶಾಲು, ಹಾರ ಏನೂ ಬೇಡ ಅಂತ ಈಗಲೇ ಹೇಳಿಟ್ಟಿದ್ದಾರೆ. ಆದರೆ ಒಂದು ಆಸೆಯಿದೆ. ಸಾವಿರಾರು ಹುಡುಗರ ಕೈಗೆ ಬ್ಯೂರೆಟ್ಟು ಕೊಟ್ಟವರು ತಮ್ಮ ಹೆಸರಿನಲ್ಲಿ ಒಂದು ಪ್ರಯೋಗವನ್ನೂ ಮಾಡಿ ಬರೆದಿಲ್ಲ. ಕೊನೆಯ ದಿನ ಹುಡುಗರ ಸಾಲಿನಲ್ಲಿ ನಿಂತು ಒಂದು ಮಾಡಬೇಕು, ಜರ್ನಲ್ಲಿನಲ್ಲಿ ಬರೆದು ಸರ್ ಅವರ ಸಹಿ ಹಾಕಿಸಬೇಕು. ದೇವಿಂದ್ರಪ್ಪನವರು ಆಗಲಿ ಅಂದಿದ್ದಾರೆ. ಕುರಕುಂಟಾಕ್ಕೂ ಕಾಗದ ಹೋಗಿದೆ. ಅವತ್ತು ಬರುತ್ತೇನೆಂದು ಅನಸುಬಾಯಿ ಒಪ್ಪಿದ್ದಾರೆ.

ಅಷ್ಟು ದೂರದಿಂದ ಅವರನ್ನು ಕರೆಸುವುದು ಯಾಕೆ ಅಂದರೆ, ದಸ್ತಗೀರ ತೊಳೆಯುತ್ತಿದ್ದ ಬ್ಯೂರೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಹೇಳುತ್ತಾರೆ:

“ಅವತ್ತಿನ ಬಾಟಲಿ ಅಕಿನೇ ತುಂಬಬೇಕ್ರಿ. ನಾ ತುಂಬಿದ್ರ ನನಗ ಉತ್ತರ ಮೊದಲೇ ಗೊತ್ತಿರ್ತದ.”